ದೊಡ್ಡೋರು ದಾರಿ ಬಿಟ್ಟ ಮೇಲೆ ಶಾಲೆ

ಈ ವರ್ಷ ಹೊಸದಾಗಿ ಸೇರುವ ಟೀಚರುಗಳಿಗೆ ಕೊಡೋಣ, ನಿಮ್ಮ ಅನುಭವ ಬರೆದುಕೊಡಿ, ಎರಡು ಪುಟ ಸಾಕು, ಓದಿದವರಿಗೆ ಸ್ಫೂರ್ತಿ ಬರುವ ಹಾಗಿರಲಿ ಎಂದು ಶಾಲೆಯವರು ಫೋನು ಮಾಡಿದ್ದರು. ಒಪ್ಪಿಕೊಂಡೆ. ಆದರೆ ಇದು ಎರಡು ಪುಟಕ್ಕೆ ಮುಗಿಯುವ ಬಾಬತ್ತಲ್ಲ. ಸ್ಫೂರ್ತಿಯ ಜವಾಬ್ದಾರಿಯೂ ನನ್ನದಲ್ಲ. ಇಪ್ಪತ್ತಾರು ವರ್ಷ ಕಾಡಂಚಿನ ಆ ಪುಟ್ಟ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದವಳು ನಾನು. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಬೇಕಾದರೆ ಅಚ್ಚು ಹಾಕಿಸಿ, ಬೇಡವಾದರೆ ಒಲೆಗೆ ಹಾಕಿ.

ಹೊಸಬರು ಬಂದ ವಾರದಲ್ಲೇ ಒಂದು ಪ್ರಶ್ನೆ ಕೇಳುತ್ತಾರಂತೆ. ಈ ಶಾಲೆಯಲ್ಲಿ ಗಂಟೆ ಯಾಕಿಲ್ಲ, ಹೊತ್ತಿಗೆ ಸರಿಯಾಗಿ ಬರುವುದನ್ನು ಮಕ್ಕಳು ಕಲಿಯುವುದು ಬೇಡವೇ ಅಂತ. ಅದಕ್ಕೆ ಶಾಲೆಯವರು "ನಿಸರ್ಗದ ಲಯಕ್ಕೆ ಹೊಂದಿಕೊಂಡ ಶಿಕ್ಷಣ" ಎಂದು ಉತ್ತರ ಕೊಡುತ್ತಾರಂತೆ. ಲಯವೂ ಇಲ್ಲ, ಮಣ್ಣೂ ಇಲ್ಲ. ನಮ್ಮಲ್ಲಿ ಗಂಟೆ ಇತ್ತು. ನಾಲ್ಕು ದಿನ ಇತ್ತು. ಅದನ್ನು ಹೊಡೆದವಳು ನಾನು, ಇಳಿಸಿದವಳೂ ನಾನು. ಆ ನಾಲ್ಕು ದಿನಕ್ಕೆ ಒಂದು ಮಗು ಏನು ತೆತ್ತಿತು ಎಂಬುದು ಗೊತ್ತಿಲ್ಲದೆ ಅಲ್ಲಿ ಯಾರೂ ಚಾಕ್‌ಪೀಸು ಹಿಡಿಯಬಾರದು ಎಂಬುದು ನನ್ನ ಹಟ. ಹಟಮಾರಿ ಎಂದು ಹೆಸರು ಪಡೆದೇ ಮನೆಗೆ ಬಂದಿದ್ದೇನೆ, ಈಗ ಅದನ್ನು ಕಳೆದುಕೊಂಡು ಏನಾಗಬೇಕು?

ನನ್ನದು ಪಿರಿಯಾಪಟ್ಟಣದ ಕಡೆ. ಅಪ್ಪ ಹೊಗೆಸೊಪ್ಪು ಬೆಳೆಯುತ್ತಿದ್ದರು. ಟೀಚರ್ ಟ್ರೈನಿಂಗ್ ಮುಗಿಸಿ ಹುಣಸೂರಿನ ಒಂದು ಕಾನ್ವೆಂಟಿನಲ್ಲಿ ಮೂರು ವರ್ಷ ಇದ್ದೆ. ಅಲ್ಲಿ ನಲವತ್ತು ನಿಮಿಷಕ್ಕೊಂದು ಗಂಟೆ. ಮಗು ಎದ್ದು ನಿಂತು "ಮಿಸ್, ಅದು ಯಾಕೆ ಹಂಗೆ" ಎನ್ನುವಷ್ಟರಲ್ಲಿ ಗಣಿತ ಮುಗಿದು ಕನ್ನಡದ ಮಿಸ್ಸು ಬಾಗಿಲಲ್ಲಿ ನಿಂತಿರುತ್ತಿದ್ದರು. ಸಾಕಪ್ಪ ಎನ್ನಿಸಿ ಇತ್ತ ಬಂದೆ. ಅಂತರಸಂತೆ ದಾಟಿ ಕಾಕನಕೋಟೆಯ ದಿಕ್ಕಿಗೆ ಸ್ವಲ್ಪ ದೂರ ಹೋಗಿ, ಎಡಕ್ಕೆ ಮಣ್ಣುರಸ್ತೆ ಹಿಡಿದರೆ ನಮ್ಮ ಶಾಲೆ. ಮೂರು ಕೋಣೆ, ಒಂದು ಜಗಲಿ, ಒಂದು ಹೊಂಗೆ ಮರ, ಒಂದರಿಂದ ಐದನೇ ಕ್ಲಾಸು. ಮಕ್ಕಳಲ್ಲಿ ಅರ್ಧ ಪಕ್ಕದ ಊರಿನ ರೈತರ ಮನೆಯವು. ಇನ್ನರ್ಧ ಹಾಡಿಯವು. ಹಾಡಿ ಎಂದರೆ ಕಾಡಿನ ಒಳಮಗ್ಗುಲಲ್ಲಿ ಜೇನುಕುರುಬರ ಮನೆಗಳಿರುವ ಜಾಗ. ಶಾಲೆಯಿಂದ ಒಂದು ಮೈಲಿ ದೂರ, ನಡುವೆ ಆನೆಗಳನ್ನು ತಡೆಯಲೆಂದು ತೋಡಿದ ಕಂದಕ. ಊರಿನವರ ಬಾಯಲ್ಲಿ ಅದು ಟ್ರೆಂಚು.

ನಮ್ಮ ಶಾಲೆಯ ದಿನ ಶುರುವಾಗುತ್ತಿದ್ದದ್ದು ಶಾಲೆಯಲ್ಲಲ್ಲ, ಆ ಹಾಡಿಯ ಅಂಚಿನಲ್ಲಿ. ರಾತ್ರಿ ರಾಗಿ ಹೊಲಕ್ಕೆ ನುಗ್ಗಿದ ಆನೆಗಳು ಬೆಳಗ್ಗೆ ಕಾಡಿಗೆ ಹಿಂತಿರುಗುವುದು ಕಂದಕ ಕುಸಿದ ಕಡೆಗಳಿಂದ, ಮಕ್ಕಳು ನಡೆಯುವ ದಾರಿಯ ಆಸುಪಾಸಿನಲ್ಲೇ. ಒಂದು ದಿನ ಬೆಳಕು ಹರಿಯುವ ಮೊದಲೇ ಹೋಗಿರುತ್ತವೆ. ಇನ್ನೊಂದು ದಿನ ಹತ್ತು ಹೊಡೆದರೂ ಬಿದಿರು ಮುರಿಯುತ್ತ ಅಲ್ಲೇ ನಿಂತಿರುತ್ತವೆ. ಹಾಡಿಯಲ್ಲಿ ಬೊಮ್ಮಯ್ಯ ಎಂಬ ಹಿರಿಯರಿದ್ದರು. ಹಿಂದೆ ಅರಣ್ಯ ಕಾವಲಿನ ಕೆಲಸ ಮಾಡಿದವರು. ಅವರು ದಾರಿಯ ತಲೆಯಲ್ಲಿ ನಿಂತು, ಕಿವಿಗೊಟ್ಟು, ಗಾಳಿ ಯಾವ ಕಡೆಯಿಂದ ಬರುತ್ತಿದೆ ನೋಡಿ, ಲದ್ದಿ ಇದ್ದರೆ ಕಾಲಲ್ಲಿ ಒತ್ತಿ ಬಿಸಿ ನೋಡಿ, ಆಮೇಲೆ "ಈಗ ಓಗ್ರಿ" ಎನ್ನಬೇಕು. ಆಗ ಮಕ್ಕಳು ಸಾಲಾಗಿ ಹೊರಡಬೇಕು. ಕಂದಕದ ಮೇಲೆ ಅಡ್ಡ ಹಾಕಿದ ಮರದ ದಿಮ್ಮಿ ದಾಟಿದರೆ ಶಾಲೆಯ ಹಿಂದಿನ ಬೇಲಿ.

ಊರಿನ ಮಕ್ಕಳು ಅಷ್ಟರಲ್ಲಿ ಬಂದು ಅವರೆ ಗಿಡಕ್ಕೆ, ಸೋರೆ ಬಳ್ಳಿಗೆ ನೀರು ಹಾಕಿ ಮುಗಿಸಿರುತ್ತಿದ್ದವು. ಹಾಡಿಯವರು ಬಂದ ಮೇಲೆ ಎಲ್ಲರೂ ಕಾಲು ತೊಳೆದು ಹೊಂಗೆ ಮರದ ಕೆಳಗೆ ಕೂತು ದಾರಿ ಸುದ್ದಿ ಹೇಳುವುದು. ಬರುವ ದಾರಿಯಲ್ಲಿ ಏನು ಕಂಡಿರಿ? ಅದೇ ನಮ್ಮ ಮೊದಲ ಪಾಠ. ಒಬ್ಬಳು ನರಿಯ ಹಿಕ್ಕೆಯಲ್ಲಿ ಎಲಚಿ ಬೀಜ ಕಂಡೆ ಎಂದರೆ, ಎಷ್ಟು ಬೀಜ ಎಂಬುದು ಲೆಕ್ಕ, ನರಿ ಹಣ್ಣು ತಿನ್ನುತ್ತದಾ ಎಂಬುದು ವಿಜ್ಞಾನ, ಅದನ್ನು ನಾಲ್ಕು ಸಾಲಿನಲ್ಲಿ ಬರೆದರೆ ಕನ್ನಡ. ಬಿಸಿಲು ಜಗಲಿಯ ಮೂರನೇ ಕಂಬಕ್ಕೆ ಬಂದರೆ ಮೊದಲ ಪಾಠ ಮುಗಿಯಿತು. ಮಳೆಗಾಲದಲ್ಲಿ ಬಿಸಿಲೆಲ್ಲಿ ಬರಬೇಕು? ಆಗ ಸಾರಿನ ವಾಸನೆ ಬಂದಾಗ ಪಾಠ ಮುಗಿಯುತ್ತಿತ್ತು. ಮುದ್ದೆ, ಸೊಪ್ಪಿನ ಸಾರು ಉಂಡು ಚಿಕ್ಕವು ಜಗಲಿಯಲ್ಲಿ ಮಲಗುತ್ತಿದ್ದವು, ದೊಡ್ಡವು ಪುಸ್ತಕ ಓದುತ್ತಿದ್ದವು. ಆಮೇಲೆ ಹಳ್ಳದ ಕಡೆಗೆ ಒಂದು ಸುತ್ತು. ನಾಲ್ಕಕ್ಕೆ ಮೊದಲೇ ಹಾಡಿ ಮಕ್ಕಳನ್ನು ಕಳಿಸಿಬಿಡಬೇಕು. ಇಷ್ಟೇ. ಇದರಲ್ಲಿ ಪವಾಡ ಏನೂ ಇಲ್ಲ.

ನಾನು ಮಾಡಿದ ಎಡವಟ್ಟುಗಳನ್ನು ಹೇಳದಿದ್ದರೆ ತಪ್ಪಾಗುತ್ತದೆ. ಸೇರಿದ ಹೊಸದರಲ್ಲಿ, ನಾಳೆ ಬರುವಾಗ ಎಲ್ಲರೂ ಹತ್ತು ಥರದ ಎಲೆ ತನ್ನಿ ಎಂದು ಹೇಳಿದೆ. ಟ್ರೈನಿಂಗಿನಲ್ಲಿ ಕಲಿಸಿದ್ದರು. ಮರುದಿನ ಒಂದು ಪುಟಾಣಿ ಅಂಗಿಯ ಚುಂಗಿನಲ್ಲಿ ಹುಷಾರಾಗಿ ಹಿಡಿದು ತಂದ ಗೊಂಚಲನ್ನು ನಾನು ಕೈಯಲ್ಲಿ ತೆಗೆದುಕೊಂಡು ಮೂಗಿಗೂ ಹಿಡಿದೆ. ತುರುಚೆ ಸೊಪ್ಪು! ಕೈ, ಮೂಗು, ತುಟಿ ಎಲ್ಲ ಊದಿಕೊಂಡು ಸಾಯಂಕಾಲದವರೆಗೆ ಪರಚಿಕೊಂಡೆ. "ತುರುಚೆ ಅಂತ ಹೇಳಬಾರದಾಗಿತ್ತೇನೇ?" ಎಂದರೆ, "ನಿಮ್ಗೆ ಗೊತ್ತಿರ್ತದೆ ಅಂದ್ಕೊಂಡೆ ಅಕ್ಕ, ನೀವು ಟೀಚರಲ್ವಾ" ಎಂದಿತು. ಅವತ್ತಿನಿಂದ ಎಲೆಯ ಪಾಠ ಮಕ್ಕಳು ಮಾಡಿದರು, ನಾನು ಕೂತು ಕೇಳಿದೆ.

ನಮ್ಮ ಮೇಲಿನವರು ಎಂದರೆ ಮೈಸೂರಿನಲ್ಲಿದ್ದ ಸಂಚಾಲಕರು. ಶಾಲೆ ಕಟ್ಟಿದವರು ಅವರೇ. ಒಳ್ಳೆಯ ಮನುಷ್ಯರು, ಸುಳ್ಳು ಯಾಕೆ ಹೇಳಲಿ. ಆದರೆ ಮಾತು ವಿಪರೀತ. ಮೂರು ತಿಂಗಳಿಗೊಮ್ಮೆ ಕ್ಯಾಮೆರಾ ಹಿಡಿದ ಅತಿಥಿಗಳನ್ನು ಕರೆತರುತ್ತಿದ್ದರು. ಒಂದು ಸಲ ಬಂದ ಅಮ್ಮನೊಬ್ಬರು ಮಕ್ಕಳೆಲ್ಲ ಮರವನ್ನು ಅಪ್ಪಿಕೊಳ್ಳಲಿ, ಫೋಟೋ ತೆಗೆಯುತ್ತೇನೆ ಎಂದರು. ಬೇಲಿಯ ಪಕ್ಕದ ಮಾವಿನ ಮರ ತೋರಿಸಿದರು. ಒಂದು ಮಗುವೂ ಅಲ್ಲಾಡಲಿಲ್ಲ. "ನಾಚಿಕೆ ಬೇಡ ಮಕ್ಕಳೇ, ಮರ ನಮ್ಮ ಸ್ನೇಹಿತ" ಎಂದು ಆಯಮ್ಮ ತಾವೇ ಹೋಗಿ ಗಟ್ಟಿಯಾಗಿ ಅಪ್ಪಿಕೊಂಡರು. "ಕೆಂಜಿಗ ಅವೆ ಸಾ ಅದ್ರಲ್ಲಿ, ಕಚ್ತವೆ" ಎಂದು ಒಬ್ಬ ಹುಡುಗ ಸಂಚಾಲಕರಿಗೆ ಹೇಳುವುದಕ್ಕೂ ಆಯಮ್ಮ ಕಿರುಚುವುದಕ್ಕೂ ಸರಿಹೋಯಿತು. ಮೊದಲೇ ಯಾಕೋ ಹೇಳಲಿಲ್ಲ ಎಂದು ಸಂಚಾಲಕರು ರೇಗಿದರು. "ಅವ್ರು ಕೇಳ್ನಿಲ್ಲ" ಎಂದ. ನಾನು ಅಡುಗೆಮನೆಗೆ ಹೋಗಿ ಹೊಟ್ಟೆ ಹಿಡಿದು ನಕ್ಕೆ.

ನಗುವ ವಿಷಯ ಇಲ್ಲಿಗೆ ಮುಗಿಯಿತು ಎನ್ನಲಾರೆ, ಯಾಕೆಂದರೆ ಮುಂದಿನದೂ ನಗುವಿನಿಂದಲೇ ಶುರುವಾಯಿತು. ಹಾಡಿಯವರು ಆನೆಯನ್ನು ಆನೆ ಎನ್ನುವುದಿಲ್ಲ. ನಾನು ಒಮ್ಮೆ ದಾರಿಯಲ್ಲಿ ನಿಂತು ಗಟ್ಟಿಯಾಗಿ "ಆನೆ ಇದ್ಯಾ ಬೊಮ್ಮಣ್ಣ?" ಎಂದು ಕೂಗಿದ್ದಕ್ಕೆ ಬೊಮ್ಮಯ್ಯ ಓಡಿ ಬಂದು ಬೈದಿದ್ದರು. "ಎಸ್ರಿಡ್ದು ಕೂಗ್ಬಾರ್ದು ಕಣವ್ವ. ಕರುದ್ರು ಅಂದ್ಕೊಂಡು ಬಂದ್ಬುಡ್ತಾರೆ. ದೊಡ್ಡೋರು ಅನ್ನಿ." ನನಗೂ ಅದೇ ರೂಢಿಯಾಯಿತು. ಹಾಜರಿ ಪುಸ್ತಕದಲ್ಲಿ ಮಕ್ಕಳು ಬಂದ ಹೊತ್ತು ಬರೆಯುವ ಕಡೆ, ಹತ್ತೂಕಾಲು, ದೊಡ್ಡೋರು ಇದ್ದರು, ಎಂದು ಬರೆಯುತ್ತಿದ್ದೆ. ವಾರದಲ್ಲಿ ಎರಡು ಸಲ, ಮೂರು ಸಲ ಹಾಗೆ ಬರೆದದ್ದಿದೆ. ಆಗ ಶಾಲೆಯ ಮುಖ್ಯ ಟೀಚರು ನಾನೇ.

ಶಾಲೆಯ ಪರ್ಮಿಷನ್ ನವೀಕರಿಸುವ ವರ್ಷ ಬಂತು. ಇಲಾಖೆಯಿಂದ ಒಬ್ಬ ಸಾಹೇಬರು ಜೀಪಿನಲ್ಲಿ ಬಂದರು, ಜೊತೆಗೆ ಸಂಚಾಲಕರು. ಹತ್ತು ಗಂಟೆ ಆಗಿತ್ತು, ಹಾಡಿ ಮಕ್ಕಳು ಬಂದಿರಲಿಲ್ಲ. ಸಾಹೇಬರು ಹಾಜರಿ ಪುಸ್ತಕ ತಿರುವಿ ಹಾಕಿದರು. ಹುಬ್ಬು ಮೇಲೇರಿತು.

"ಯಾರ್ರೀ ಇವರು ದೊಡ್ಡೋರು? ವಾರಕ್ಕೆ ಮೂರು ದಿನ ಮಕ್ಕಳನ್ನ ತಡೆದು ನಿಲ್ಲಿಸ್ಕೊಳ್ತಾರಲ್ಲ? ಮಕ್ಕಳನ್ನ ಕೂಲಿಗೆ ಕಳಿಸ್ತಾರೇನು?"

ನಾನು ಬಾಯಿ ತೆರೆಯುವ ಮೊದಲೇ ಅವರು ಮೇಜು ಕುಟ್ಟಿದರು. "ನಾಳೆನೇ ಆ ದೊಡ್ಡೋರನ್ನ ಶಾಲೆಗೆ ಕರೆಸಿ. ನಾನೇ ಮಾತಾಡ್ತೀನಿ."

ಮುಂದಿನ ಸಾಲಿನಲ್ಲಿ ಕೂತಿದ್ದ ಊರಿನ ಹುಡುಗಿಯೊಬ್ಬಳು ಗಾಬರಿಯಿಂದ ಎದ್ದು ನಿಂತಳು. "ಕರೀಬ್ಯಾಡಿ ಸಾ, ಬಂದ್ಬುಡ್ತಾರೆ!"

"ಬರ್ಲಿ! ನಾನೇನು ಹೆದರ್ಕೊಳ್ತೀನಾ?" ಎಂದರು ಸಾಹೇಬರು.

ಹೇಗೋ ನಗು ತಡೆದುಕೊಂಡೆ. ದೊಡ್ಡೋರು ಎಂದರೆ ಆನೆ ಸಾರ್ ಎಂದು ಹೇಳಲು ಹೊರಟೆ. ಸಾಹೇಬರ ಬೆನ್ನ ಹಿಂದೆ ನಿಂತಿದ್ದ ಸಂಚಾಲಕರು ಕಣ್ಣಲ್ಲೇ ಬೇಡ ಎಂದರು. ನನಗೂ ತಕ್ಷಣ ಅರ್ಥವಾಯಿತು. ಮಕ್ಕಳ ದಾರಿಯಲ್ಲಿ ಆನೆ ನಿಲ್ಲುತ್ತದೆ ಎಂದು ಇವರ ಕಡತಕ್ಕೆ ಹೋದರೆ, ಜಾಗ ಸುರಕ್ಷಿತವಲ್ಲ ಎಂದು ಬರೆದು ಶಾಲೆ ಮುಚ್ಚಿಸುತ್ತಾರೆ. ಮುಚ್ಚಿದರೆ ಊರಿನ ಮಕ್ಕಳು ವ್ಯಾನು ಹತ್ತಿ ಬೇರೆ ಶಾಲೆಗೆ ಹೋಗುತ್ತವೆ. ಹಾಡಿಯ ಮಕ್ಕಳಿಗೆ ವ್ಯಾನು ಬರುವುದಿಲ್ಲ. ದೂರದ ಹಾಸ್ಟೆಲಿಗೆ ಹಾಕಿದರೆ ಆರು ವರ್ಷದ ಕೂಸುಗಳು ಅಲ್ಲಿ ನಿಲ್ಲುವುದಿಲ್ಲ. ಅವುಗಳ ಓದು ಅಲ್ಲಿಗೆ ಮುಗಿಯುತ್ತದೆ.

"ಮನೆಯ ಹಿರಿಯರು ಸಾರ್. ತಿಳಿಹೇಳ್ತೀವಿ" ಎಂದೆ.

ಇದು ನನ್ನ ವೃತ್ತಿಯಲ್ಲಿ ನಾನು ಹೇಳಿದ ದೊಡ್ಡ ಸುಳ್ಳು. ಒಳ್ಳೆಯದಕ್ಕೇ ಹೇಳಿದೆ ಎಂದು ಸಮಾಧಾನ ಮಾಡಿಕೊಂಡೆ. ಸುಳ್ಳು ಹೇಳುವವರೆಲ್ಲ ಹಾಗೇ ಅಂದುಕೊಳ್ಳುತ್ತಾರೆ.

ಮೂರು ದಿನಕ್ಕೆ ಆದೇಶ ಬಂತು. ಸೋಮವಾರದಿಂದ ಬೆಳಗ್ಗೆ ಒಂಬತ್ತೂವರೆಗೆ ಗಂಟೆ ಹೊಡೆಯತಕ್ಕದ್ದು. ಆಮೇಲೆ ಗೇಟು ಮುಚ್ಚತಕ್ಕದ್ದು. ತಡವಾಗಿ ಬಂದವರ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆದು ತಿಂಗಳ ಕೊನೆಗೆ ಪಟ್ಟಿ ಕಳಿಸತಕ್ಕದ್ದು. ಸಂಚಾಲಕರು ಎಲ್ಲಿಂದಲೋ ಒಂದು ರೈಲು ಕಂಬಿಯ ತುಂಡು ತಂದು ಜಗಲಿಗೆ ತೂಗು ಹಾಕಿಸಿದರು. "ಒಂದು ತಿಂಗಳು ಹೊಡೀರಿ ಸರೋಜಮ್ಮ. ಪರ್ಮಿಷನ್ ಕೈಗೆ ಬಂದ್ಮೇಲೆ ನಾನೇ ಕಿತ್ತು ಬಿಸಾಕ್ತೀನಿ" ಎಂದರು. ಭಾನುವಾರ ನಾನೇ ಹಾಡಿಗೆ ಹೋಗಿ ಬೊಮ್ಮಯ್ಯನವರಿಗೆ ವಿಷಯ ಹೇಳಿದೆ. ಅವರು ತಲೆ ಕೆರೆದುಕೊಂಡರು.

"ಗಂಟೆ ನಮ್ಗೆ ಕೇಳುದ್ರೆ ಸಾಕಾ ಟೀಚರವ್ವ? ಅವ್ರಿಗೆ ಯಾರ್ ಏಳ್ತಾರೆ?"

"ಒಂದು ತಿಂಗಳು ಅಡ್ಜಸ್ಟ್ ಮಾಡ್ಕೊಳ್ಳಿ ಬೊಮ್ಮಣ್ಣ. ಲೇಟಾದ್ರೆ ಹೆಸರು ಕೆಂಪಗೆ ಬರೀತೀವಿ, ಅಷ್ಟೇ" ಎಂದೆ. ಅಷ್ಟೇ ಅಂತೆ. ಮಕ್ಕಳಿಗೆ ಕೆಂಪು ಅಕ್ಷರ ಅಷ್ಟೇ ಅಲ್ಲ ಎಂಬುದು ಇಷ್ಟು ವರ್ಷ ಪಾಠ ಮಾಡಿದವಳಿಗೆ ಗೊತ್ತಿರಬೇಕಿತ್ತು.

ಬೊಮ್ಮಯ್ಯನವರ ಮೊಮ್ಮಗಳು ಪವಿತ್ರ ಆಗ ಮೂರನೇ ಕ್ಲಾಸು. ದಾರಿ ಸುದ್ದಿ ಹೇಳುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಜೇಡ ಬಲೆ ಹೆಣೆದಿದ್ದನ್ನು ಹೇಳಲು ಹೊರಟರೆ ಅರ್ಧ ಗಂಟೆ. ಸೋಮವಾರ ಹಾಡಿ ಮಕ್ಕಳು ಸರಿಯಾಗಿ ಬಂದರು. ಮಂಗಳವಾರ ಬಂದದ್ದು ಹತ್ತಕ್ಕೆ. ನಾನು ಗೇಟು ಮುಚ್ಚಿ ಒಳಗೆ ನಿಂತು ಹೆಸರು ಬರೆದೆ. ಪವಿತ್ರ ಸರಳಿನ ಸಂದಿಯಿಂದ ಪುಸ್ತಕ ನೋಡಿದಳು.

"ನನ್ನ ಎಸ್ರು ಯಾಕಕ್ಕ ಕೆಂಪು?"

"ಲೇಟು ಅಂತ."

"ಲೇಟು ಅಂದ್ರೆ?"

"ಗಂಟೆ ಹೊಡೆದ ಮೇಲೆ ಬರೋದು. ಲೇಟಾದ್ರೆ ಮೊದಲ ಪಾಠ ಇಲ್ಲ, ಹೊರಗೆ ನಿಲ್ಲಬೇಕು" ಎಂದೆ. ಅವತ್ತು ದಾರಿ ಸುದ್ದಿಯನ್ನು ಊರಿನ ಮಕ್ಕಳು ಮಾತ್ರ ಹೇಳಿದವು. ಪವಿತ್ರ ಗೇಟಿನ ಆಚೆ ನಿಂತು ಕೇಳಿಸಿಕೊಂಡಳು. ಅವಳ ಬಾಯಲ್ಲಿ ಏನೋ ಸುದ್ದಿ ಇತ್ತು, ತುಟಿ ಅಲ್ಲಾಡುತ್ತಿದ್ದದ್ದು ನನಗೆ ಕಾಣುತ್ತಿತ್ತು. ಆದರೂ ನಾನು ಗೇಟು ತೆಗೆಯಲಿಲ್ಲ.

ಬುಧವಾರ ಎಲ್ಲರೂ ಹೊತ್ತಿಗೆ ಬಂದರು. ಗುರುವಾರ ಒಂಬತ್ತೂವರೆಗೆ ಕಂಬಿ ಹೊಡೆದೆ. ಬೆಳಗಿನ ತಣ್ಣನೆ ಗಾಳಿಗೆ ಆ ಸದ್ದು ಹಾಡಿಯವರೆಗೂ ಕೇಳುತ್ತದೆ. ಗೇಟು ಮುಚ್ಚಿದೆ. ಹಾಡಿಯವರು ಒಬ್ಬರೂ ಬಂದಿರಲಿಲ್ಲ. ಕೆಂಪು ಪೆನ್ನು ತೆಗೆದು ಹೆಸರು ಬರೆಯತೊಡಗಿದೆ. ಪವಿತ್ರಳ ಹೆಸರು ಬರೆದು ಮುಂದಿನ ಹೆಸರಿಗೆ ಬರುವಾಗ ಹಿಂದಿನ ಬೇಲಿಯ ಕಡೆಯಿಂದ ಕೊಂಬೆ ಮುರಿದ ಸದ್ದು ಬಂತು. ಹೋಗಿ ನೋಡಿದೆ.

ಬೇಲಿಗೂ ಕಂದಕಕ್ಕೂ ನಡುವಿನ ಲಂಟಾನ ಪೊದೆಗಳ ಮಧ್ಯೆ ಎರಡು ದೊಡ್ಡವು, ಒಂದು ಮರಿ. ಕಂದಕದ ಆಚೆ ದಡದಲ್ಲಿ ಬೊಮ್ಮಯ್ಯ. ನನ್ನನ್ನು ಕಂಡವರೇ ಬಾಯಿಯ ಮೇಲೆ ಕೈಯಿಟ್ಟು, ಆಮೇಲೆ ಬೆರಳನ್ನು ಕೆಳಗೆ ತೋರಿಸಿದರು. ದಿಮ್ಮಿಯ ಕೆಳಗೆ, ಕಂದಕದ ತಳದಲ್ಲಿ ನೀಲಿ ಲಂಗ ಕಂಡಿತು. ಪವಿತ್ರ. ಒಂದು ಕಾಲು ಇರಬಾರದ ಕಡೆಗೆ ತಿರುಗಿತ್ತು.

ಆಮೇಲೆ ತಿಳಿದದ್ದು ಇಷ್ಟು. ದೊಡ್ಡೋರು ಅವ್ರೆ, ತಡೀರಿ ಎಂದು ತಾತ ಮಕ್ಕಳನ್ನು ನಿಲ್ಲಿಸಿದ್ದರು. ಅಷ್ಟರಲ್ಲಿ ನನ್ನ ಗಂಟೆ ಕೇಳಿತು. ಸಾಲಿನ ಕೊನೆಯಲ್ಲಿದ್ದ ಪವಿತ್ರ ತಾತನ ಕಣ್ಣು ತಪ್ಪಿಸಿ ಓಡಿದಳು. ದಿಮ್ಮಿಯ ನಡುವೆ ಬಂದಾಗ ಎದುರಿಗೆ ಅವು ಕಂಡವು. ಹಿಂದಕ್ಕೆ ತಿರುಗುವಾಗ ಕಾಲು ಜಾರಿತು.

ಒಂದು ಗಂಟೆ ಹೊತ್ತು ಅವು ಕದಲಲಿಲ್ಲ. ಮರಿ ಇದ್ದುದರಿಂದ ಸದ್ದು ಮಾಡುವ ಹಾಗಿಲ್ಲ, ಪಟಾಕಿ ಹೊಡೆಯುವ ಹಾಗಿಲ್ಲ. ಆ ಒಂದು ಗಂಟೆ ಆ ಮಗು ಮುರಿದ ಕಾಲಿಟ್ಟುಕೊಂಡು ಅಳಲಿಲ್ಲ, ಕೂಗಲಿಲ್ಲ. ಕೂಗಬಾರದು ಎಂದು ಹಾಡಿಯಲ್ಲಿ ಕಲಿಸಿರುತ್ತಾರೆ. ತಲೆ ಎತ್ತಿ ತಾತನನ್ನು ನೋಡುತ್ತಿದ್ದಳು. ನಾನು ಬೇಲಿಯ ಕಂಬ ಹಿಡಿದುಕೊಂಡು ನಿಂತಿದ್ದೆ. ಅವು ಹೋದ ಮೇಲೆ ಬೊಮ್ಮಯ್ಯ ಇಳಿದು ಅವಳನ್ನು ಎತ್ತಿಕೊಂಡು ಬಂದರು. ತಾಲೂಕು ಆಸ್ಪತ್ರೆಗೆ, ಅಲ್ಲಿಂದ ಮೈಸೂರಿಗೆ. ತೊಡೆಯ ಮೂಳೆ ಎರಡು ಕಡೆ ಮುರಿದಿತ್ತು. ಊರಿನಿಂದ ತರಿಸಿದ ಜೀಪಿಗೆ ಹತ್ತಿಸುವಾಗ ನೋಡುತ್ತೇನೆ, ಕೆಂಪು ಪೆನ್ನು ಇನ್ನೂ ನನ್ನ ಕೈಯಲ್ಲೇ ಇದೆ. ಅವತ್ತು ಸಾಯಂಕಾಲ ನಾನೇ ಏಣಿ ಹತ್ತಿ ತಂತಿ ಬಿಚ್ಚಿ ಆ ಕಂಬಿಯನ್ನು ಇಳಿಸಿ ಗೊಬ್ಬರದ ಗುಂಡಿಗೆ ಹಾಕಿದೆ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ಮುಂದಿನ ವಾರ ವಿಚಾರಣೆ. ಶಾಲೆಯ ಕೋಣೆಯಲ್ಲಿ ಸಾಹೇಬರು, ಸಂಚಾಲಕರು, ಬೊಮ್ಮಯ್ಯ, ನಾನು. ಸಂಚಾಲಕರು ಹೇಳಿಕೆಯನ್ನು ಮೊದಲೇ ಟೈಪು ಮಾಡಿಸಿ ತಂದಿದ್ದರು. ಮಗು ಪೋಷಕರ ನಿರ್ಲಕ್ಷ್ಯದಿಂದ ಒಂಟಿಯಾಗಿ ಬಂದು ಗುಂಡಿಗೆ ಬಿದ್ದಿದೆ, ಇದರಲ್ಲಿ ಶಾಲೆಯ ಹೊಣೆ ಇಲ್ಲ. ಬೊಮ್ಮಯ್ಯನವರಿಗೆ ಓದಿ ಹೇಳಿದರು.

"ನಂದೇ ತಪ್ಪು ಅಂತ ಬರ್ಕೊಳಿ ಸಾ" ಎಂದರು ಬೊಮ್ಮಯ್ಯ. "ಇಸ್ಕೂಲ್ ಮಾತ್ರ ಮುಚ್ಚಬ್ಯಾಡಿ. ಆ ಕೂಸು ಆಸ್ಪತ್ರೇಲಿ ಮಲ್ಗಿದ್ರೂವೆ ಇಸ್ಕೂಲು ಇಸ್ಕೂಲು ಅಂತದೆ."

ಹೆಬ್ಬೆಟ್ಟು ಶಾಯಿಗೆ ಅದ್ದಿಯೂ ಆಗಿತ್ತು. ಆ ಮನುಷ್ಯ ಮಾಡಿದ್ದೇನು? ಮಕ್ಕಳನ್ನು ತಡೆದು ನಿಲ್ಲಿಸಿದ್ದು. ಅವತ್ತು ಮಾಡಬೇಕಾದ ಕೆಲಸವನ್ನು ಸರಿಯಾಗಿ ಮಾಡಿದವರು ಅವರೊಬ್ಬರೇ. ನನ್ನ ಮೈ ಉರಿದುಹೋಯಿತು. ಕಾಗದ ಎಳೆದುಕೊಂಡೆ.

"ಒತ್ತಬೇಡಿ ಬೊಮ್ಮಣ್ಣ" ಎಂದು ಸಾಹೇಬರ ಕಡೆ ತಿರುಗಿದೆ. "ದೊಡ್ಡೋರು ಅಂದ್ರೆ ಆನೆ ಸಾರ್. ಮನೆಯ ಹಿರಿಯರು ಅಂತ ನಿಮಗೆ ಸುಳ್ಳು ಹೇಳಿದವಳು ನಾನು."

ಸಾಹೇಬರು ಹಾಜರಿ ಪುಸ್ತಕ ಮತ್ತೆ ತಿರುವಿ ನೋಡಿದರು. "ಅವತ್ತೇ ಯಾಕ್ರೀ ಹೇಳಲಿಲ್ಲ?"

"ಶಾಲೆ ಮುಚ್ಚಿಸ್ತೀರಿ ಅಂತ ಹೆದರಿಕೊಂಡೆ."

"ಈಗ ಹೆದರಿಕೆ ಇಲ್ವಾ?"

"ಇದೆ. ಆದ್ರೆ ಈ ತಾತನ ಹೆಬ್ಬೆಟ್ಟಿನ ಹಿಂದೆ ಬಚ್ಚಿಟ್ಟುಕೊಳ್ಳೋಕೆ ನನ್ನಿಂದ ಆಗಲ್ಲ."

"ನಿಮ್ಮ ಸತ್ಯಕ್ಕೋಸ್ಕರ ಅಷ್ಟೂ ಮಕ್ಕಳನ್ನ ಬೀದಿಗೆ ಹಾಕ್ತೀರಾ ಸರೋಜಮ್ಮ?" ಎಂದು ಸಂಚಾಲಕರು ಕೂಗಾಡಿದರು. ನಾನು ಒಂದು ಬಿಳಿ ಹಾಳೆ ತೆಗೆದುಕೊಂಡು ಬರೆದೆ. ದಾರಿ ನೋಡಿ ಮಕ್ಕಳನ್ನು ಕಳಿಸುವ ಹಿರಿಯರು ಈಗ ಬೇಡ ಎಂದ ಹೊತ್ತಿನಲ್ಲಿ, ಬನ್ನಿ ಎಂದು ಗಂಟೆ ಹೊಡೆದವಳು ನಾನು. ಹೊಡೆಯಬೇಕೆಂಬ ಆದೇಶದ ಪ್ರತಿಯನ್ನು ಇದಕ್ಕೆ ಲಗತ್ತಿಸಿದ್ದೇನೆ. ಇನ್ನು ಮುಂದೆ ಹೊಡೆಯುವುದಿಲ್ಲ. ಕೆಳಗೆ ಸಹಿ ಹಾಕಿ ಕೊಟ್ಟೆ. ಸಾಹೇಬರು ಲಗತ್ತಿಸಿದ್ದೇನೆ ಎಂಬಲ್ಲಿಗೆ ಬಂದು ನಿಂತರು. ಆ ಆದೇಶದ ಕೆಳಗಿದ್ದದ್ದು ಅವರದೇ ಸಹಿ. ಕನ್ನಡಕ ತೆಗೆದು ಒರೆಸಿಕೊಂಡು, ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಟರು.

ಎರಡು ತಿಂಗಳು ಸುದ್ದಿಯೇ ಇಲ್ಲ. ಪರ್ಮಿಷನ್ ಇಲ್ಲದೆಯೇ ಶಾಲೆ ನಡೆಸಿದೆವು. ಜೀಪಿನ ಸದ್ದು ಕೇಳಿದರೆ ಗೇಟಿಗೆ ಓಡಿ ನೋಡುತ್ತಿದ್ದೆ, ಆದರೂ ದಾರಿ ಸುದ್ದಿ ನಿಲ್ಲಿಸಲಿಲ್ಲ. ಕೊನೆಗೆ ಪತ್ರ ಬಂತು. ಪರ್ಮಿಷನ್ ಕೊಟ್ಟಿದ್ದರು! ಮಕ್ಕಳು ಬರುವ ಹೊತ್ತನ್ನು ಸ್ಥಳೀಯ ಪರಿಸ್ಥಿತಿ ನೋಡಿ ಶಾಲೆಯೇ ನಿರ್ಧರಿಸಬಹುದು, ದಾರಿಯಲ್ಲಿ ತಿಳಿದ ಹಿರಿಯರೊಬ್ಬರು ಜೊತೆಗಿರಬೇಕು, ಘಟನೆಗೆ ಹೊಣೆಯಾದವರನ್ನು ಮುಖ್ಯ ಶಿಕ್ಷಕಿಯ ಸ್ಥಾನದಿಂದ ಇಳಿಸಬೇಕು. ಬಡ್ತಿಯ ವಿಷಯ ಬರೆಯಲು ನನ್ನಲ್ಲಿ ಏನಿಲ್ಲ. ನನಗೆ ಸಿಕ್ಕಿದ್ದು ಈ ಹಿಂಬಡ್ತಿ ಒಂದೇ, ಅದನ್ನು ಯಾರೆದುರಿಗೂ ಮುಚ್ಚಿಟ್ಟವಳಲ್ಲ. ಬೊಮ್ಮಯ್ಯನವರ ಹೆಸರು ಸಿಬ್ಬಂದಿ ಪಟ್ಟಿಗೆ ಸೇರಿತು. ಕೆಲಸ ಏನೆಂದು ಬರೆಯುವುದು ಎಂದು ಎಲ್ಲರೂ ತಲೆ ಕೆಡಿಸಿಕೊಂಡಾಗ ನಾನು ದಾರಿ ಶಿಕ್ಷಕರು ಎಂದು ಬರೆದೆ. ನನ್ನ ಜಾಗಕ್ಕೆ ಕೆ.ಆರ್. ನಗರದ ಕಡೆಯ ಹುಡುಗಿಯೊಬ್ಬಳು ಮುಖ್ಯ ಟೀಚರಾಗಿ ಬಂದಳು. ಬುದ್ಧಿವಂತೆ, ಬಂದ ದಿನವೇ ಹಾಡಿಗೆ ಹೋಗಿ ಬಂದಳು.

ಈಗ ಹಾಜರಿಯನ್ನು ಹತ್ತು ಗಂಟೆಯೊಳಗೆ ಮೊಬೈಲಿನಲ್ಲಿ ಹಾಕಬೇಕಂತೆ, ಫೋಟೋ ಸಮೇತ. ನಿವೃತ್ತಿಯ ಹಿಂದಿನ ವರ್ಷ ನಾನೂ ಸಿಗ್ನಲ್ ಹುಡುಕಿಕೊಂಡು ನೀರಿನ ಟ್ಯಾಂಕು ಹತ್ತಿದ್ದೇನೆ. ಹಾಕಬೇಕಾದ್ದನ್ನು ಹಾಕಿ, ನನ್ನ ತಕರಾರಿಲ್ಲ. ಹತ್ತಕ್ಕೆ ಮಗು ಬರದಿದ್ದರೆ ಬಂದಿಲ್ಲ ಎಂದು ಹಾಕಿ, ಬಂದ ಮೇಲೆ ತಿದ್ದಿ. ತಿದ್ದಲು ಬರುವುದಿಲ್ಲ ಎಂದು ಮೇಲಿನವರು ಹೇಳಿದರೆ ಬರುವ ಹಾಗೆ ಮಾಡಿಕೊಡಿ ಎಂದು ಜಗಳ ಆಡಿ. ಮಗುವನ್ನು ಅವಸರ ಮಾಡಿಸಬೇಡಿ. ನಾನು ಹೇಳುವುದು ಇಷ್ಟೇ, ಬೇರೇನಿಲ್ಲ. ಯಾಕೆ ಎಂದು ಕೇಳಿದರೆ ಉಳಿದದ್ದನ್ನೂ ಬರೆದುಬಿಡುತ್ತೇನೆ.

ಪವಿತ್ರ ನಾಲ್ಕು ತಿಂಗಳ ಮೇಲೆ ಶಾಲೆಗೆ ಬಂದಳು. ಒಂದು ಕಾಲು ಸ್ವಲ್ಪ ಗಿಡ್ಡ ಆಗಿತ್ತು. ಉಳಿದ ಮಕ್ಕಳು ಮುಂದೆ ಬಂದು ಹೊಂಗೆ ಮರದ ಕೆಳಗೆ ಕೂತಿದ್ದವು. ಯಾರೂ ಸುದ್ದಿ ಶುರು ಮಾಡಲಿಲ್ಲ, ನಾನು ಹೇಳದೇನೇ ಕಾದವು. ತಾತನ ಕೈ ಹಿಡಿದು ನಿಧಾನವಾಗಿ ಬಂದವಳು ಗೇಟಿನ ಹತ್ತಿರ ನಿಂತುಬಿಟ್ಟಳು. ಗೇಟು ಅಗಲಕ್ಕೆ ತೆರೆದಿತ್ತು. ನಾನು ಎದುರಿಗೆ ಹೋದೆ.

"ಲೇಟಾಯ್ತಾ ಅಕ್ಕ?" ಎಂದಳು.

"ಇಲ್ಲ ಕಣವ್ವ. ನೀನು ಬಂದ್ಮೇಲೆ ತಾನೆ ಶುರು, ಬಾ" ಎಂದೆ. ಒಳಗೆ ಬಂದಳು. ಕೂತು ಸುದ್ದಿ ಹೇಳಿದಳು. ಎಲ್ಲ ಸರಿಹೋಯಿತು ಎಂದುಕೊಂಡೆ.

ಮರುದಿನ ಅದೇ ಜಾಗದಲ್ಲಿ ನಿಂತಳು. "ಲೇಟಾಯ್ತಾ ಅಕ್ಕ?" ಅದರ ಮರುದಿನವೂ. ಎಲ್ಲರಿಗಿಂತ ಮೊದಲು ಬಂದ ದಿನವೂ. ನಾನು ಇಲ್ಲ ಎನ್ನುವವರೆಗೆ ತೆರೆದ ಗೇಟಿನ ಒಳಗೆ ಕಾಲಿಡುತ್ತಿರಲಿಲ್ಲ. ಅದಕ್ಕೇ ನಾನು ಒಂದು ದಿನವೂ ರಜೆ ಹಾಕದೆ ಅವಳು ಬರುವ ಹೊತ್ತಿಗೆ ಹೋಗಿ ಗೇಟಿನಲ್ಲಿ ನಿಲ್ಲುತ್ತಿದ್ದೆ. ಮೂಳೆ ನಾಲ್ಕು ತಿಂಗಳಲ್ಲಿ ಕೂಡಿಕೊಂಡಿತ್ತು. ನಾನು ನಾಲ್ಕು ದಿನದಲ್ಲಿ ಕಲಿಸಿದ ಆ ಪದವನ್ನು ಎರಡು ವರ್ಷ ದಿನಾ ಬೆಳಗ್ಗೆ ಅಲ್ಲಿ ನಿಂತು ಇಲ್ಲ ಇಲ್ಲ ಎಂದು ಅಳಿಸಲು ನೋಡಿದೆ. ಐದನೇ ಕ್ಲಾಸಿನ ಕೊನೆಯ ದಿನವೂ ಅವಳು ಕೇಳಿಯೇ ಒಳಗೆ ಬಂದಳು.